ಹಳ್ಳದ ನೀರು ಮತ್ತು ಕಣ್ಣಿಗೆ ಕಾಣದ ಜೀವಿಗಳು
(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ದೇವರ ಅಭಿಷೇಕಕ್ಕೆ ಮೊದಲು ಬೇಕಾದುದು ನೀರು. ಗಂಗೆ, ಗೋದಾವರಿಯರನ್ನು ಸ್ಮರಿಸಿ ಕಲಶ ತುಂಬುವುದು ಹಿರಿಯರ ಪದ್ಧತಿ. ಆ ಗೋದಾವರಿಯನ್ನು ಸೇರುವ ಮಾಂಜ್ರಾ ನದಿ ಬೀದರ ಜಿಲ್ಲೆಯನ್ನು ದಾಟಿ ತೆಲಂಗಾಣದ ಸಂಗಾರೆಡ್ಡಿ ಸೀಮೆಗೆ ಬರುತ್ತದೆ. ಅಲ್ಲಿ ಅದಕ್ಕೆ ಸೇರುವ ಒಂದು ಹಳ್ಳದ ಸಂಗತಿಯನ್ನು ಭಕ್ತರೆಲ್ಲರೂ ತಿಳಿಯುವುದು ಒಳ್ಳೆಯದು.

ಹಳ್ಳದ ಕಲ್ಲು ಮುಟ್ಟಿದರೆ ಲೋಳೆಯಾಗಿ ಜಾರುತ್ತದೆ. ಅದು ಬರೀ ಹೊಲಸಲ್ಲ. ಪಾಚಿ, ಬೂಷ್ಟು, ಬ್ಯಾಕ್ಟೀರಿಯಾಗಳ ಸಂಸಾರ. ಬಿದ್ದ ಎಲೆ, ಸತ್ತ ಹುಳುಗಳನ್ನು ಕರಗಿಸಿ ನೀರನ್ನು ತಿಳಿಯಾಗಿಸುವ ಸೇವಕರು ಇವೇ. ಇವನ್ನು ತಿಂದು ನೀರಿನ ಹುಳುಗಳು, ಆ ಹುಳುಗಳನ್ನು ತಿಂದು ಮೀನುಗಳು ಬದುಕುತ್ತವೆ.

ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿ ಸುಮಾರು 90 ಔಷಧ ಕಾರ್ಖಾನೆಗಳ ನೀರು ಒಂದೇ ಶುದ್ಧೀಕರಣ ಘಟಕಕ್ಕೆ ಬಂದು, ಅಲ್ಲಿಂದ ಇಸಕವಾಗು, ನಕ್ಕವಾಗು ಎಂಬ ಹಳ್ಳಗಳಿಗೆ ಹರಿಯುತ್ತಿತ್ತು. ಸ್ವೀಡನ್ ದೇಶದ ವಿಜ್ಞಾನಿ ಲಾರ್ಸನ್ ಮತ್ತು ಸಂಗಡಿಗರು ಆ ನೀರನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಘಟಕದಿಂದ ಹೊರಬಿದ್ದ ಒಂದು ಲೀಟರ್ ನೀರಿನಲ್ಲಿ ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧ 31 ಮಿಲಿಗ್ರಾಮಿನವರೆಗೂ ಇತ್ತು. ಅಂದರೆ 16 ಲೀಟರಿನ ಒಂದು ದೊಡ್ಡ ಕೊಡದಲ್ಲಿ 500 ಮಿಲಿಗ್ರಾಮಿನ ಒಂದು ಗುಳಿಗೆ ಕರಗಿಸಿದಂತೆ! ಕೆಲವು ಬ್ಯಾಕ್ಟೀರಿಯಾಗಳನ್ನು ಕೊಲ್ಲಲು ಇದರ ಸಾವಿರದಲ್ಲೊಂದು ಪಾಲು ಸಾಕು. 2009ರ ವರದಿಯಂತೆ ಸುತ್ತಲಿನ ಕೆರೆ, ಬಾವಿಗಳಲ್ಲಿಯೂ ಔಷಧ ಸಿಕ್ಕಿತು. ಮುಂದೆ ಆ ಘಟಕದ ನೀರನ್ನು ಪೈಪಿನಲ್ಲಿ ಹೈದರಾಬಾದಿನ ಅಂಬರಪೇಟೆಗೆ ಒಯ್ಯುವ ವ್ಯವಸ್ಥೆಯಾಯಿತು.

ಇಂಥ ನೀರಿನಲ್ಲಿ ಸೌಮ್ಯ ಜೀವಿಗಳು ಸಾಯುತ್ತವೆ, ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ. ಅಷ್ಟೇ ಅಲ್ಲ, ಆ ಶಕ್ತಿಯನ್ನು ಪಕ್ಕದ ಬ್ಯಾಕ್ಟೀರಿಯಾಗಳಿಗೂ ದಾನ ಮಾಡುತ್ತವೆ. ಆ ಹಳ್ಳಗಳ ಕೆಸರಿನಲ್ಲಿ ಇದರ ಗುರುತು ಹೇರಳವಾಗಿದ್ದುದು 2011ರಲ್ಲಿ ಪ್ರಕಟವಾಯಿತು. ಈ ಶಕ್ತಿ ರೋಗಾಣುಗಳಿಗೆ ದಾಟಿದರೆ, ನಾಳೆ ಮಗುವಿಗೆ ಜ್ವರ ಬಂದಾಗ ಕೊಟ್ಟ ಔಷಧ ನಾಟುವುದಿಲ್ಲ.

ಇದು ಕಾರ್ಖಾನೆಯವರ ತಪ್ಪು ಮಾತ್ರವೆಂದು ಕೈ ತೊಳೆದುಕೊಳ್ಳುವಂತಿಲ್ಲ. ನುಂಗಿದ ಗುಳಿಗೆಯ ಒಂದು ಪಾಲು ಮೂತ್ರದೊಡನೆ ಹೊರಬಿದ್ದು ಹಳ್ಳ ಸೇರುತ್ತದೆ. ಆದ್ದರಿಂದ ವೈದ್ಯರ ಚೀಟಿಯಿಲ್ಲದೆ ಇಂಥ ಔಷಧ ಕೊಳ್ಳಬಾರದು. ಉಳಿದ ಗುಳಿಗೆ, ಸಿರಪ್ಪುಗಳನ್ನು ಮೋರಿಗೂ ಹಳ್ಳಕ್ಕೂ ಹಾಕದೆ, ಏನು ಮಾಡಬೇಕೆಂದು ಔಷಧದ ಅಂಗಡಿಯಲ್ಲಿ ವಿಚಾರಿಸಬೇಕು.

ದೇವರಿಗೆ ಶುದ್ಧೋದಕ ಅರ್ಪಿಸುವ ಭಕ್ತರಿಗೆ ಹಳ್ಳವನ್ನು ಕಾಯುವುದೂ ಸೇವೆಯೇ. ಸರ್ವರಿಗೂ ಸನ್ಮಂಗಳವಾಗಲಿ.