ಎಂ.ಆರ್.ಐ. ಚಿತ್ರವೂ ಸೊಂಟನೋವೂ



ಕಾಸರಗೋಡಿನ ನಮ್ಮ ನೆರೆಕರೆಯ ಅಡಿಕೆ ಕೃಷಿಕರೊಬ್ಬರು ಕಳೆದ ಮಳೆಗಾಲದಲ್ಲಿ ಕಂಕುಳಲ್ಲಿ ದೊಡ್ಡದೊಂದು ಲಕೋಟೆ ಇಟ್ಟುಕೊಂಡು ಮನೆಗೆ ಬಂದರು. ಬೋರ್ಡೋ ದ್ರಾವಣದ ಡ್ರಮ್ಮು ಎಳೆದ ಮರುದಿನವೇ ಅವರಿಗೆ ಸೊಂಟ ಹಿಡಿದಿತ್ತು. "ಮಾಷ್ಟ್ರೇ, ಇದನ್ನೊಮ್ಮೆ ಓದಿ ಹೇಳಿ" ಎಂದರು. ಒಳಗೆ ಕಪ್ಪು ಫಿಲ್ಮುಗಳು, ಇಂಗ್ಲಿಷಿನ ವರದಿ. ಊರ ಡಾಕ್ಟರು ಮಲಯಾಳದಲ್ಲಿ 'ಡಿಸ್ಕ್ ತಳ್ಳಲ್' ಎಂದಿದ್ದರಂತೆ. ಮಂಗಳೂರಿನಲ್ಲಿ 'ಡಿಸ್ಕ್ ಜಾರಿದೆ' ಎಂದರಂತೆ. ಎರಡು ಭಾಷೆ ಬಲ್ಲವರಿಗೆ ಹೆದರಿಕೆಯೂ ಎರಡು ಪಾಲು! ಆಪರೇಶನ್ನಿಗೆಂದು ಹೆಂಡತಿಯ ಬಳೆ ಅಡವಿಡುವ ಯೋಚನೆ ಮಾಡಿದ್ದರು.

ನಾನು ವೈದ್ಯನಲ್ಲ, ಶಾಲೆಯಲ್ಲಿ ವಿಜ್ಞಾನ ಕಲಿಸಿದವನು. ಹಾಗಾಗಿ ಯಂತ್ರದ ವಿಷಯದಿಂದಲೇ ಅವರಿಗೆ ಹೇಳತೊಡಗಿದೆ.

ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ನಮ್ಮ ದೇಹದ ಅರ್ಧಕ್ಕಿಂತ ಹೆಚ್ಚು ಭಾಗ ನೀರು. ನೀರಿನ ಪ್ರತಿಯೊಂದು ಅಣುವಿನಲ್ಲಿ ಎರಡು ಹೈಡ್ರೋಜನ್ ಪರಮಾಣುಗಳು. ಅವುಗಳ ಬೀಜ ಒಂದೊಂದೂ ಪುಟ್ಟ ಅಯಸ್ಕಾಂತ. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಬಲ ಭೂಮಿಯ ಕಾಂತಬಲಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅದರೊಳಗೆ ಮಲಗಿದಾಗ ಈ ಪುಟ್ಟ ಅಯಸ್ಕಾಂತಗಳಲ್ಲಿ ಒಂದು ಸಣ್ಣ ಪಾಲು ಆ ದಿಕ್ಕಿಗೆ ವಾಲುತ್ತದೆ. ಆಗ ರೇಡಿಯೋ ಅಲೆಯಿಂದ ಅವುಗಳನ್ನು ತಟ್ಟುತ್ತಾರೆ. ಹೌದು, ರೇಡಿಯೋ ಅಲೆಯೇ! ನೀವು ಕೇಳುವ ಎಫ್.ಎಂ. 88ರಿಂದ 108 ಮೆಗಾಹರ್ಟ್ಸ್‌ನಲ್ಲಿದ್ದರೆ ಆ ಯಂತ್ರದ ಅಲೆ 64ರ ಆಸುಪಾಸಿನಲ್ಲಿದೆ. ಅಲೆ ನಿಂತೊಡನೆ ಅವು ಮೊದಲಿನ ಸ್ಥಿತಿಗೆ ಮರಳುತ್ತಾ ಕ್ಷೀಣವಾದ ಸಂಕೇತ ಹೊರಡಿಸುತ್ತವೆ. ಕೊಬ್ಬಿನಲ್ಲಿ ಮರಳುವ ವೇಗ ಒಂದು, ಸ್ನಾಯುವಿನಲ್ಲಿ ಇನ್ನೊಂದು. ಆ ವ್ಯತ್ಯಾಸವನ್ನು ಕಂಪ್ಯೂಟರು ಚಿತ್ರವಾಗಿಸುತ್ತದೆ.

ಈ ತತ್ತ್ವ 1946ರಲ್ಲಿ ಅಮೆರಿಕದ ಬ್ಲಾಕ್ ಮತ್ತು ಪರ್ಸೆಲ್ ಎಂಬಿಬ್ಬರಿಗೆ ಬೇರೆಬೇರೆಯಾಗಿಯೇ ಹೊಳೆದಿತ್ತು. ಇಲಿಗಳ ಗಂತಿಯಲ್ಲಿ ಈ ಮರಳುವ ಕಾಲ ಬೇರೆಯಾಗಿರುತ್ತದೆಂದು 1971ರಲ್ಲಿ ತೋರಿಸಿದವರು ರೇಮಂಡ್ ಡಮೇಡಿಯನ್. ನೀರಿನ ಕೊಳವೆಗಳ ಚಿತ್ರವನ್ನು 1973ರಲ್ಲಿ ಪ್ರಕಟಿಸಿದವರು ಪಾಲ್ ಲಾಟರ್ಬರ್. ಚಿತ್ರಣವನ್ನು ಶೀಘ್ರಗೊಳಿಸುವ ಗಣಿತ ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರದು. 1977ರಲ್ಲಿ ಡಮೇಡಿಯನ್ ತಂಡ ಮನುಷ್ಯನ ಎದೆಯ ಒಂದೇ ಒಂದು ಅಡ್ಡಚಿತ್ರ ತೆಗೆಯಲು ಹೆಚ್ಚುಕಡಿಮೆ ಐದು ಗಂಟೆ ಹಿಡಿಯಿತು. 2003ರ ನೊಬೆಲ್ ಬಹುಮಾನ ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ಬಂತು. ಬಿಟ್ಟುಹೋದ ಡಮೇಡಿಯನ್ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಜಗಳವಾಡಿದರು. ದೊಡ್ಡವರ ಆಸ್ತಿ ತಕರಾರೂ ನಮ್ಮ ಗಡಿಗುರುತಿನ ತಕರಾರಿನ ಹಾಗೆಯೇ.

ಇಷ್ಟೆಲ್ಲ ಕೇಳಿ ನೆರೆಯವರು, "ಅಷ್ಟು ದೊಡ್ಡ ಯಂತ್ರ ಹೇಳಿದ ಮೇಲೆ ಸುಳ್ಳಾಗುತ್ತದೆಯೇ?" ಎಂದರು. ಯಂತ್ರ ಸುಳ್ಳು ಹೇಳುವುದಿಲ್ಲ. ಆದರೆ ಚಿತ್ರದಲ್ಲಿ ಕಂಡದ್ದೇ ನೋವಿಗೆ ಕಾರಣವೇ ಎಂಬುದು ಬೇರೆ ಪ್ರಶ್ನೆ. ಇದನ್ನು ಸಂಶೋಧಕರು ಬಹಳ ಜಾಣತನದಿಂದ ಪರೀಕ್ಷಿಸಿದ್ದಾರೆ. 1994ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಸೊಂಟನೋವೇ ಇಲ್ಲದ 98 ಜನರ ಬೆನ್ನಿನ ಚಿತ್ರ ತೆಗೆದರು. ಅವುಗಳ ನಡುವೆ ನೋವಿದ್ದ 27 ಜನರ ಚಿತ್ರಗಳನ್ನು ಬೆರೆಸಿ, ಯಾರದು ಯಾವುದೆಂದು ತಿಳಿಸದೆ ಇಬ್ಬರು ತಜ್ಞರಿಗೆ ಓದಲು ಕೊಟ್ಟರು. ನೋವಿಲ್ಲದವರಲ್ಲಿ ಎಲ್ಲ ಡಿಸ್ಕುಗಳೂ ಸರಿಯಿದ್ದವರು ನೂರಕ್ಕೆ 36 ಮಂದಿ ಮಾತ್ರ! ನೂರಕ್ಕೆ 52 ಮಂದಿಗೆ ಕನಿಷ್ಠ ಒಂದು ಡಿಸ್ಕು ಉಬ್ಬಿತ್ತು. 27 ಮಂದಿಗೆ ಇನ್ನೂ ಹೆಚ್ಚು ಹೊರಚಾಚಿತ್ತು. ಇವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು.

2015ರಲ್ಲಿ, ನೋವಿಲ್ಲದ 3,110 ಜನರ ಬಗೆಗಿನ 33 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಡಿಸ್ಕು ಸವೆದ ಲಕ್ಷಣ ಇಪ್ಪತ್ತರ ಪ್ರಾಯದಲ್ಲೇ ನೂರಕ್ಕೆ 37 ಮಂದಿಯಲ್ಲಿ, ಎಂಬತ್ತರಲ್ಲಿ 96 ಮಂದಿಯಲ್ಲಿ ಕಂಡಿತು. ಬೊಂಡ ಬಲಿತು ಕೊಬ್ಬರಿಯಾಗುವ ಹಾಗೆ ಡಿಸ್ಕಿನ ನೀರೂ ವರ್ಷ ಕಳೆದಂತೆ ಆರುತ್ತದೆ. ತಲೆಕೂದಲು ನರೆತದ್ದಕ್ಕೆ ಯಾರಾದರೂ ಆಪರೇಶನ್ ಮಾಡಿಸುತ್ತಾರೆಯೇ?

ಹಾಗೆಂದು ಚಿತ್ರವೇ ಬೇಡವೆಂದು ನಾನು ಹೇಳುತ್ತಿಲ್ಲ. ಸೊಂಟನೋವಿನೊಂದಿಗೆ ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಕುಳಿತುಕೊಳ್ಳುವ ಜಾಗ ಜೋಮು ಹಿಡಿದರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ಗಡಿ ದಾಟಿಯಾದರೂ ಸರಿ. ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಹಿಂದೆ ಕ್ಯಾನ್ಸರ್ ಆಗಿದ್ದರೆ, ಮರದಿಂದ ಬಿದ್ದಿದ್ದರೆ ಕೂಡ ಬೇಗನೆ ತೋರಿಸಬೇಕು. ಇವೊಂದೂ ಇಲ್ಲದ ಹೊಸ ನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ. ಮಲಗಿಯೇ ಇರುವುದಕ್ಕಿಂತ ಮೆಲ್ಲಗೆ ನಡೆದಾಡುವುದು ಒಳ್ಳೆಯದು.

ಯಂತ್ರದೊಳಗೆ ಹೋಗುವವರು ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿದ್ದರೆ ಮೊದಲೇ ಹೇಳಿಬಿಡಬೇಕು. ಆ ಅಯಸ್ಕಾಂತ ಚಿತ್ರ ತೆಗೆಯದಿರುವಾಗಲೂ ಎಳೆಯುತ್ತಲೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರು ಹಿಡಿದು ಒಳಹೋದ ರೋಗಿಯ ಬಂಧುವೊಬ್ಬರು ಹೀಗೆಯೇ ಜೀವ ಕಳಕೊಂಡರು.

ನೆರೆಯವರಿಗೆ ಒಂದು ಪ್ರಶ್ನೆ ಬರೆದುಕೊಟ್ಟೆ: "ಚಿತ್ರದಲ್ಲಿ ಡಿಸ್ಕು ಉಬ್ಬಿದ ಜಾಗಕ್ಕೂ ನನಗೆ ನೋಯುವ ಜಾಗಕ್ಕೂ ಹೊಂದಾಣಿಕೆ ಇದೆಯೇ?" ಅದನ್ನು ಹಿಡಿದು ಇನ್ನೊಬ್ಬ ಡಾಕ್ಟರಲ್ಲಿಗೆ ಹೋದರು. ಅವರು ಫಿಲ್ಮು ಪಕ್ಕಕ್ಕಿಟ್ಟು, ಕಾಲೆತ್ತಿಸಿ, ಮೊಣಗಂಟು ತಟ್ಟಿ, ಹಿಮ್ಮಡಿಯಲ್ಲಿ ನಡೆಸಿ ನೋಡಿದರಂತೆ. ನೋವು ಇದ್ದದ್ದು ಎಡಗಡೆ, ಡಿಸ್ಕು ಉಬ್ಬಿದ್ದು ಬಲಗಡೆ. ಆರು ವಾರ ಕಾಯೋಣ ಎಂದರು.

ಆ ಸಲ ಮದ್ದು ಬಿಡಲು ಆಳು ಮಾಡಿದರು. ಲಕೋಟೆ ಈಗ ಅಟ್ಟದಲ್ಲಿದೆ, ಬಳೆ ಕೈಯಲ್ಲಿದೆ.