ಪಟ್ಟಿಯಲ್ಲಿಲ್ಲದ ಹೆಸರು



ನಾವು ಬ್ಯಾಂಕಿನ ಗುಮಾಸ್ತರು. ಹಣ ರವಾನೆಗೆ 2004ರಲ್ಲಿ ಆರ್‌ಟಿಜಿಎಸ್, 2005ರಲ್ಲಿ ಎನ್‌ಇಎಫ್‌ಟಿ, 2010ರಲ್ಲಿ ಐಎಂಪಿಎಸ್ ಬಂದುವು. ಪಟ್ಟಿ ಮುಗಿಯಿತೆನ್ನುವಾಗ 2016ರಲ್ಲಿ ಯುಪಿಐ ಬಂದಿತು. ನಾವು ಕಂಡ ಹಳೆಯ ಪ್ರೋಗ್ರಾಮೊಂದು ಆ ಹೆಸರು ಕಂಡೊಡನೆ ನಿಂತೇ ಹೋಯಿತು.

ನಮ್ಮ ಮಕ್ಕಳನೇಕರು ಇಂದು ಎಸ್‌ಡಿಕೆ, ಎಂದರೆ ಇತರರ ಪ್ರೋಗ್ರಾಮುಗಳಿಗೆ ಒದಗುವ ಸಲಕರಣೆ, ಬರೆಯುತ್ತಾರೆ. ಅದರಲ್ಲಿ ಇಂಥ ಪಟ್ಟಿಗೆ ‘ಎನಮ್’ ಎಂದು ಹೆಸರು. ಅವರಲ್ಲಿ ನಮ್ಮ ಅರಿಕೆ ಇಷ್ಟೆ: ಪಟ್ಟಿಯಲ್ಲಿ ‘ಅಪರಿಚಿತ’ ಎಂಬ ಕಲಮು ಇರಲಿ. ಹೊಸ ಹೆಸರನ್ನು ಹಳೆಯದೊಂದಕ್ಕೆ ಸೇರಿಸುವುದು ತಪ್ಪು ಖಾತೆಗೆ ಜಮಾ ಬರೆದಂತೆ. ಬಂದುದನ್ನು ಬಂದಂತೆಯೇ ಉಳಿಸಿಕೊಳ್ಳಲಿ. ಪ್ರೋಟೋಕಾಲ್ ಬಫರ್ಸಿನ ಮೂರನೆಯ ಆವೃತ್ತಿ ಗುರುತಿಲ್ಲದ ಅಂಕಿಯನ್ನು ಹಾಗೆಯೇ ಕಾಪಾಡುತ್ತದೆ. ಹಣದ ತೀರ್ಮಾನವನ್ನು ಮಾತ್ರ ಗುರುತು ಸಿಗುವವರೆಗೆ ತಡೆಯಲಿ.

ಈ ಊರಿನ ಪಟ್ಟಿಗೆ ನಾವೂ ಒಮ್ಮೆ ಹೊಸ ಹೆಸರೇ ಆಗಿದ್ದೆವಲ್ಲವೇ?