ಕಾವ್ಯಾಂಗ ವಿಚಾರ



ನಾರಾಯಣಪುರದ ಶಿವಾಲಯದಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಕಂಡರಿಸಿದ ವಿಗ್ರಹಗಳನ್ನು ಈ ಊರಿನ ಬಾಲಕರು ದಿನವೂ ನೋಡುತ್ತಿರುವರು. ಹುಮನಾಬಾದ ತಾಲೂಕಿನ ಜಲಸಂಗಿಯ ದೇವಾಲಯದಲ್ಲಿಯಾದರೋ ಒಬ್ಬ ಶಿಲಾಬಾಲಿಕೆಯು ವಿಕ್ರಮಾದಿತ್ಯನನ್ನು ಕೊಂಡಾಡುವ ಸಂಸ್ಕೃತ ಶ್ಲೋಕವೊಂದನ್ನು ಬರೆಯುತ್ತ ನಿಂತಿರುವಳು. ಅಕ್ಷರಕ್ಕೆ ಕಲ್ಲಿನಲ್ಲಿಯೂ ಸ್ಥಾನವಿತ್ತ ಇಂಥ ಸೀಮೆಯ ವಿದ್ಯಾರ್ಥಿಯು ವಸ್ತು, ಪಾತ್ರ, ಅಲಂಕಾರ, ಧ್ವನಿ ಎಂಬ ಮಾತುಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತುಬಿಡುವುದು ಶೋಚನೀಯವು.

ಈ ಪರಿಭಾಷೆಯು ಕನ್ನಡಕ್ಕೆ ಹೊಸದಲ್ಲ. ಕ್ರಿ.ಶ. ಸುಮಾರು 850ರಲ್ಲಿ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯನ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಅನುಸರಿಸಿದರೂ ಚತ್ತಾಣ, ಬೆದಂಡೆ ಎಂಬ ದೇಸಿಯ ಪ್ರಕಾರಗಳನ್ನು ಹೆಸರಿಸಲು ಮರೆಯಲಿಲ್ಲ. ಆ ಅರಸನ ರಾಜಧಾನಿಯಾದ ಮಾನ್ಯಖೇಟವು, ಎಂದರೆ ಇಂದಿನ ಮಳಖೇಡವು, ನೆರೆಯ ಕಲಬುರಗಿ ಜಿಲ್ಲೆಯಲ್ಲಿಯೇ ಇರುವುದು.

ಛಂದಸ್ಸಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಂದಪದ್ಯಕ್ಕೆ ಒಟ್ಟು 64 ಮಾತ್ರೆಗಳು, ಭಾಮಿನೀ ಷಟ್ಪದಿಗೆ 102, ವಾರ್ಧಕಕ್ಕೆ 144. ಎಣಿಸಲು ಬಲ್ಲವನಿಗೆ ಇದು ಎರಡು ದಿನದ ಪಾಠ. ಆದರೆ 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಈ ಲೆಕ್ಕಕ್ಕೆ ಒಳಪಡದ ವಚನವನ್ನು ನುಡಿದರು. ಇದು ಗದ್ಯವೋ ಪದ್ಯವೋ ಎಂದು ಪಂಡಿತರು ಬಹುಕಾಲ ಜಗಳವಾಡಿರುವರು. ಸಮತೂಕದ ವಾಕ್ಯಗಳು ಒಂದರ ಹಿಂದೊಂದು ಬಂದು ಕೊನೆಗೆ ಅಂಕಿತದಲ್ಲಿ ನಿಲ್ಲುವ ಆ ಗತಿಯನ್ನು ಕಿವಿಯಿಂದ ಕೇಳಿದವನಿಗೆ ಈ ಜಗಳವು ಅಷ್ಟು ಮುಖ್ಯವೆನಿಸದು.

ಅಲಂಕಾರದ ಮಾತು ಹಾಗಲ್ಲ. ಉಪಮೇಯ, ಉಪಮಾನ, ಸಾಧಾರಣಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳು ಕೂಡಿದರೆ ಪೂರ್ಣೋಪಮೆ. ಶರೀರವು ಗುಡಿಯಂತೆ ಪವಿತ್ರವೆಂದರೆ ಉಪಮೆಯಾಯಿತು. ಶರೀರವೇ ಗುಡಿಯೆಂದು ಅಭೇದವನ್ನು ಹೇಳಿದರೆ ರೂಪಕವಾಯಿತು. 'ಅಂತೆ' ಎಂಬ ಎರಡಕ್ಷರದ ಅಂತರವೇ ಇದು ಎಂದು ಹುಡುಗರು ನಗಬಹುದು. ಉಪಮೆಯಲ್ಲಿ ಹೊರಗಿನ ಗುಡಿಯು ತನ್ನ ಹಿರಿಮೆಯೊಡನೆ ಹಾಗೆಯೇ ಉಳಿಯುವುದು, ಶರೀರವು ಅದರಿಂದ ಗೌರವವನ್ನು ಕಡ ತರುವುದು. ರೂಪಕದಲ್ಲಿ ಆ ಕಡವೇ ಇಲ್ಲ. ಗುಡಿ ಕಟ್ಟಿಸಲಾರದ ಬಡವನೂ ಗುಡಿಯುಳ್ಳವನಾಗುವನು. ಬಸವಣ್ಣನವರು ರೂಪಕವನ್ನೇ ಆರಿಸಿಕೊಂಡರು. ಅದನ್ನು ಉಪಮೆಯೆಂದು ಓದುವವನು ಅಲಂಕಾರವನ್ನೂ ಕೆಡಿಸುವನು, ತತ್ತ್ವವನ್ನೂ ಕೆಡಿಸುವನು.

ಬೆಡಗಿನ ವಚನಗಳನ್ನು ಧ್ವನಿಕಾವ್ಯವೆಂದು ಕರೆಯುವ ವಾಡಿಕೆಯುಂಟು. 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಹೇಳಿದ ಧ್ವನಿಯು ವಾಚ್ಯಾರ್ಥವನ್ನು ಗ್ರಹಿಸಿದ ಸಹೃದಯನಿಗೆ ತಾನಾಗಿ ಹೊಳೆಯತಕ್ಕದ್ದು. ಬೆಡಗಿನಲ್ಲಿ ವಾಚ್ಯಾರ್ಥವೇ ಮುಗ್ಗರಿಸುವುದು. ಅಲ್ಲಮಪ್ರಭುಗಳ ಅಂಥ ವಚನವನ್ನು ತೆರೆಯಲು ಷಟ್ಸ್ಥಲದ ಪರಿಭಾಷೆಯೆಂಬ ಕೀಲಿಕೈ ಬೇಕು. ಆದಕಾರಣವೇ ಟೀಕಾಕಾರರು ಹುಟ್ಟಿಕೊಂಡರು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯದಿರುವುದು ಲೇಸು.

ಇನ್ನು ವಸ್ತು ಮತ್ತು ಪಾತ್ರ. ಇವುಗಳಿಗೆ ಶೂನ್ಯಸಂಪಾದನೆಗಿಂತ ಉತ್ತಮ ಉದಾಹರಣೆಯು ದೊರೆಯಲಾರದು. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಪ್ರಶ್ನೋತ್ತರಗಳಾಗಿ ಜೋಡಿಸಿ, ನಡುನಡುವೆ ಗದ್ಯದ ಕೊಂಡಿಗಳನ್ನು ಇಟ್ಟರು. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬರುವಳು, ಪ್ರಭುದೇವರು ಪರೀಕ್ಷಿಸುವರು, ಆಕೆ ಉತ್ತರ ಕೊಡುವಳು. ವಚನಗಳು ಶರಣರವು, ಅವುಗಳ ಕ್ರಮವೂ ಸಂವಾದದ ಕಟ್ಟೂ ಸಂಪಾದಕರವು. ಅನೇಕ ಭಕ್ತರು ಈ ಸಂವಾದವು ಅದೇ ಕ್ರಮದಲ್ಲಿ ನಡೆಯಿತೆಂದು ನಂಬಿರುವರು. ಅದು ಸಂಪಾದಕರ ರಚನಾಕೌಶಲವೆಂದು ಅರಿತವನಿಗೆ ಭಕ್ತಿಯು ಕುಂದಬೇಕಾಗಿಲ್ಲ. ಮಹಾದೇವಯ್ಯನವರಿಗೆ ಸಲ್ಲಬೇಕಾದ ಗೌರವವು ಸಂದಂತಾಗುವುದು.

ಕಡೆಯದು ಅಂಕಿತ. ಇದಕ್ಕೆ ಮುದ್ರಿಕೆಯೆಂದೂ ಹೆಸರು. ಗುಹೇಶ್ವರನೆಂದರೆ ಅಲ್ಲಮರು, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ಕೂಡಲಸಂಗಮದೇವನೆಂದರೆ ಬಸವಣ್ಣನವರು. ಓಲೆಗರಿಗಳಿಂದ ವಚನಗಳನ್ನು ಬಿಡಿಸಿ ತೆಗೆದ ವಿದ್ವಾಂಸರಿಗೆ ಕರ್ತೃವನ್ನು ತಿಳಿಸಿದ ಮುಖ್ಯ ಗುರುತು ಇದೇ. ಬಸವಣ್ಣನವರ ಅಂಕಿತವನ್ನು 'ಲಿಂಗದೇವ' ಎಂದು ತಿದ್ದಿ ಮುದ್ರಿಸಿದ ಪುಸ್ತಕವೊಂದನ್ನು ಕರ್ನಾಟಕ ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಎತ್ತಿಹಿಡಿಯಿತು. ಪಾಠಶಾಲೆಯ ಮೊದಲನೆಯ ವರ್ಗದಲ್ಲಿ ಕಲಿಸುವ ಒಂದು ಪಾರಿಭಾಷಿಕ ಪದವು ದಿಲ್ಲಿಯ ನ್ಯಾಯಪೀಠದ ಮುಂದೆ ಹೀಗೆ ವಿಚಾರಣೆಗೆ ಬಂದಿತು.